ಕೋಡಿ ಬೀಳದ ಸಾಗರ

ಮುಂಗಾರು ಹಿಡಿದು ತಿಂಗಳೊಂದು ಕಳೆಯಿತೆಂದರೆ ನಮ್ಮ ದಿನಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ಕಾಣಿಸಿಕೊಳ್ಳುವುದೂ, ಗರಿಷ್ಠ ಮಟ್ಟವೆಷ್ಟು, ಇಂದಿನ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು ಎಂಬ ಅಂಕಣಗಳನ್ನು ಜನ ಪಂಚಾಂಗವನ್ನು ನೋಡುವಷ್ಟೇ ಶ್ರದ್ಧೆಯಿಂದ ನೋಡುವುದೂ ಈ ನಾಡಿನ ವಾಡಿಕೆ. ಕಬಿನಿ ತುಂಬಿತು, ಹಾರಂಗಿ ತುಂಬಿತು, ಕೃಷ್ಣರಾಜಸಾಗರಕ್ಕೆ ಇನ್ನು ನಾಲ್ಕೇ ಅಡಿ ಬಾಕಿ ಎಂಬ ವಾರ್ತೆಗಳು ಒಂದರ ಹಿಂದೊಂದು ಬರುತ್ತಿದ್ದ ಹಾಗೆ, ಆ ಪಟ್ಟಿಯ ಕೆಳಭಾಗದಲ್ಲಿ ಯಾವ ಸಂಭ್ರಮಕ್ಕೂ ಒಳಗಾಗದೆ, ವರ್ಷದಿಂದ ವರ್ಷಕ್ಕೆ ಒಂದೆರಡು ಅಡಿ ಏರುತ್ತ ನಾಲ್ಕಾರು ಅಡಿ ಇಳಿಯುತ್ತ, ತನ್ನ ಗರಿಷ್ಠ ಮಟ್ಟವಾದ 130 ಅಡಿಯನ್ನು ಒಂದು ಕೇವಲ ಔಪಚಾರಿಕ ಸಂಖ್ಯೆಯೆಂಬಂತೆ ಇರಿಸಿಕೊಂಡಿದ್ದ ಜಲಾಶಯವೊಂದಿತ್ತು. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ವಾಣಿವಿಲಾಸಸಾಗರವೇ ಅದು; ಹಳಬರ ಬಾಯಲ್ಲಿ ಇಂದಿಗೂ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿದ ಈ ಸಾಗರವು ಮೊದಲ ಬಾರಿಗೆ ಕೋಡಿ ಬಿದ್ದುದು 1933ರಲ್ಲಿ. ಎರಡನೆಯ ಬಾರಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷಗಳು ಸಂದಿದ್ದವು. ಮೊದಲನೆಯ ಕೋಡಿಯನ್ನು ಕಂಡ ಮಕ್ಕಳು ಮುದುಕರಾಗಿ, ಅವರ ಮೊಮ್ಮಕ್ಕಳಿಗೂ ತಲೆ ನರೆತಿತ್ತು.

ಇಂಥ ಜಲಾಶಯವನ್ನು ಕಂಡು, ಕಟ್ಟಿದವರ ಲೆಕ್ಕ ತಪ್ಪಿತು ಎನ್ನುವುದು ಸುಲಭ. ಹಾಗೆ ಅಂದವರೂ ಉಂಟು. ಆದರೆ ಆ ಲೆಕ್ಕವನ್ನು ಸಾವಧಾನವಾಗಿ ಪರಿಶೀಲಿಸಿದರೆ, ತಪ್ಪು ಕಟ್ಟಿದವರದಲ್ಲ, ತುಂಬುವುದೊಂದೇ ಜಲಾಶಯದ ಸಾರ್ಥಕತೆಯೆಂದು ತಿಳಿದಿರುವ ನಮ್ಮದು ಎಂದು ನನಗೆ ತೋರುತ್ತದೆ.

ಮೊದಲು ನದಿಯ ವಿಚಾರ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿಯ ಮೂಡಣ ಮಗ್ಗುಲಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹುಟ್ಟಿ, ಒಂದು ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯೆಂಬ ಒಂದೇ ಹೆಸರನ್ನು ತಾಳಿ, ಹೊಸದುರ್ಗದ ಬಯಲನ್ನು ಹಾಯ್ದು ಹಿರಿಯೂರಿಗೆ ಬರುತ್ತವೆ. ಅದೇ ಗಿರಿಶ್ರೇಣಿಯ ಇನ್ನೊಂದು ಮಗ್ಗುಲಿನ ಸೀಮೆಯಲ್ಲಿ ಹರಿಯುವ ಭದ್ರೆಗೆ ಪಶ್ಚಿಮಘಟ್ಟದ ಮಳೆಯ ಸಂಪತ್ತು ಯಥೇಚ್ಛವಾಗಿ ದೊರಕಿದರೆ, ಬೆಟ್ಟದ ಮರೆಯಲ್ಲಿ ಉಳಿದ ಈ ಹೊಳೆಗಳಿಗೆ ಮೋಡಗಳು ತಮ್ಮ ಭಾರವನ್ನು ಇಳಿಸಿ ಬಂದ ಮೇಲಿನ ಉಳಿಕೆಯಷ್ಟೇ ಪ್ರಾಪ್ತಿ. ವೇದಾವತಿಯು ಬಡ ನದಿ. ಬಡವರಂತೆ ಅದಕ್ಕೂ ವರಮಾನದ ನಿಶ್ಚಯವಿಲ್ಲ. ಒಂದು ವರ್ಷ ಹಿಂಗಾರಿನ ಬಿರುಮಳೆಗೆ ಎರಡು ದಡವನ್ನೂ ಮುಳುಗಿಸಿ ಬಂದೀತು. ಮುಂದಿನ ಮೂರು ವರ್ಷ ಮರಳಿನ ಮೇಲೆ ಒದ್ದೆಯ ಗೆರೆಯನ್ನೂ ತೋರದೆ ಇದ್ದೀತು. ಹಿರಿಯೂರಿನಿಂದ ಮುಂದೆ ಚಳ್ಳಕೆರೆಯ ಸೀಮೆಯನ್ನು ದಾಟಿ, ಆಂಧ್ರದ ಅನಂತಪುರ ಜಿಲ್ಲೆಯನ್ನು ಹೊಕ್ಕು, ಅಲ್ಲಿ ಭೈರವಾನಿತಿಪ್ಪದ ಜಲಾಶಯಕ್ಕೆ ತನ್ನ ಪಾಲನ್ನು ಒಪ್ಪಿಸಿ, ಬಳ್ಳಾರಿಯ ಕಡೆಗೆ ಹಗರಿಯೆಂಬ ಹೆಸರಿನಿಂದ ತಿರುಗಿ, ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುವುದು ಇದರ ಗತಿ.

ಈ ನದಿಯು ಹಿರಿಯೂರಿಗೆ ಬರುವ ಮುನ್ನ ಎರಡು ಗುಡ್ಡಗಳ ನಡುವೆ ನುಸುಳಿ ಹೊರಬೀಳುವ ಒಂದು ಇಕ್ಕಟ್ಟಾದ ಕಣಿವೆಯಿದೆ. ಕಣಿವೆಯ ಹಿಂದೆ ವಿಶಾಲವಾದ ತಗ್ಗು, ಮುಂದೆ ಸಮವಾದ ಬಯಲು, ನಡುವೆ ಕಿರಿದಾದ ಬಾಗಿಲು. ಅಣೆಕಟ್ಟಿನ ವಿದ್ಯೆಯನ್ನು ಬಲ್ಲವನು ಇಂಥ ಸ್ಥಳವನ್ನು ಕಂಡು ಸುಮ್ಮನೆ ಮುಂದೆ ಹೋಗಲಾರ. ಅಡ್ಡಲಾಗಿ ಕಟ್ಟಬೇಕಾದ ಗೋಡೆಯ ಉದ್ದ 1,330 ಅಡಿ. ಅದರಿಂದ ನಿಲ್ಲುವ ನೀರು 30 ಟಿಎಂಸಿ. ವೇದಾವತಿಗಿಂತ ಎಷ್ಟೋ ಪಾಲು ದೊಡ್ಡದಾದ ಕಾವೇರಿಗೆ, ಒಂದೂವರೆ ಮೈಲಿಗೂ ಹೆಚ್ಚು ಉದ್ದದ ಕಟ್ಟೆಯನ್ನು ಹಾಕಿ ಮುಂದೆ ಕಟ್ಟಿದ ಕೃಷ್ಣರಾಜಸಾಗರದಲ್ಲಿ ನಿಂತದ್ದು 49 ಟಿಎಂಸಿ. ಇಷ್ಟು ಅಲ್ಪವಾದ ಕಲ್ಲುಗೋಡೆಗೆ ಇಷ್ಟು ನೀರನ್ನು ಹಿಡಿದು ನಿಲ್ಲಿಸಿಕೊಡುವ ಭೂಮಿ ಮೈಸೂರು ಸಂಸ್ಥಾನದಲ್ಲಿ ಬೇರೆಡೆ ಸುಲಭವಾಗಿ ಸಿಕ್ಕುವಂತಿರಲಿಲ್ಲ.

ಸಂಸ್ಥಾನಕ್ಕೆ ಆಗ ನೀರಿನ ಚಿಂತೆ ಕೇವಲ ಅಭಿವೃದ್ಧಿಯ ಚಿಂತೆಯಾಗಿರಲಿಲ್ಲ. 1876ರಿಂದ 78ರವರೆಗಿನ ಮಹಾ ಬರದಲ್ಲಿ ಮೈಸೂರಿನ ಪ್ರಜೆಗಳಲ್ಲಿ ಸುಮಾರು ಐದನೆಯ ಒಂದು ಪಾಲು ನಶಿಸಿಹೋದ ಸಂಗತಿ ಆಡಳಿತಗಾರರ ಕಣ್ಣ ಮುಂದೆ ಇನ್ನೂ ಹಸಿಯಾಗಿಯೇ ಇತ್ತು. ಬರದ ಹೊಡೆತಕ್ಕೆ ತೀವ್ರವಾಗಿ ಸಿಕ್ಕಿದ ಪ್ರಾಂತ್ಯಗಳಲ್ಲಿ ಚಿತ್ರದುರ್ಗವೂ ಒಂದು. 1883ರಲ್ಲಿ ದಿವಾನಗಿರಿಗೆ ಬಂದ ಸರ್ ಕೆ. ಶೇಷಾದ್ರಿ ಅಯ್ಯರ್ ರೈಲುಮಾರ್ಗಗಳಿಗೂ ನೀರಾವರಿಗೂ ಕೊಟ್ಟ ಮಹತ್ವದ ಹಿಂದೆ ಆ ಬರದ ನೆನಪಿದೆ. 1894ರ ಕಡೆಯಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೆ ತುತ್ತಾದಾಗ, ಯುವರಾಜರಿನ್ನೂ ಬಾಲಕರಾಗಿದ್ದುದರಿಂದ ರಾಜ್ಯದ ಹೊಣೆಯು ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಮೇಲೆ ಬಿದ್ದಿತು. ವಾಣಿವಿಲಾಸ ಸನ್ನಿಧಾನವೆಂಬುದು ಆ ತಾಯಿಯ ಬಿರುದು. ಅವರ ಪ್ರತಿನಿಧಿ ಆಳ್ವಿಕೆಯಲ್ಲಿ, 1898ರಲ್ಲಿ, ಮಾರಿಕಣಿವೆಯ ಕೆಲಸ ಮೊದಲಾಯಿತು. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರವನ್ನು ಒಪ್ಪಿಸಿ ಮಹಾರಾಣಿಯವರು ನಿವೃತ್ತರಾದರು. ಕಟ್ಟೆ ಮುಗಿದದ್ದು ಮತ್ತೈದು ವರ್ಷಗಳ ಮೇಲೆ. ಮಹಾರಾಣಿಯವರು ತಮ್ಮ ಆಭರಣಗಳನ್ನು ಅಡವಿಟ್ಟು ಈ ಕಟ್ಟೆಯನ್ನು ಕಟ್ಟಿಸಿದರೆಂಬ ಕಥೆಯನ್ನು ಹಿರಿಯೂರಿನವರು ಭಕ್ತಿಯಿಂದ ಹೇಳುವುದುಂಟು. ಮಂಡ್ಯದ ಸೀಮೆಯಲ್ಲಿ ಅದೇ ಕಥೆ ಕೃಷ್ಣರಾಜಸಾಗರದ ಸಂಬಂಧವಾಗಿಯೂ ಪ್ರಚಾರದಲ್ಲಿರುವುದನ್ನು ನೋಡಿದರೆ, ನೀರು ಕೊಟ್ಟವರಿಗೆ ಜನ ತಾವೇ ತೊಡಿಸಿದ ಆಭರಣ ಅದೆಂದು ತಿಳಿಯುವುದು ಯುಕ್ತ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು: ನಮ್ಮಲ್ಲಿ ಅಣೆಕಟ್ಟು ಎಂದೊಡನೆ ವಿಶ್ವೇಶ್ವರಯ್ಯನವರ ಹೆಸರನ್ನು ಜೋಡಿಸುವ ಅಭ್ಯಾಸ ಬಲವಾಗಿರುವುದರಿಂದ ಇದನ್ನೂ ಅವರ ಖಾತೆಗೆ ಬರೆಯುವವರಿದ್ದಾರೆ. ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಆ ವೇಳೆಗೆ ಕಟ್ಟೆಗೆ ಎರಡು ವರ್ಷ ವಯಸ್ಸು. ಮಹಾಪುರುಷರ ಕೀರ್ತಿಗೆ ಇಂಥ ಸಾಲದ ಅಗತ್ಯವೇನೂ ಇಲ್ಲ.

ಕಟ್ಟೆಯಲ್ಲಿ ಸಿಮೆಂಟಿನ ಸೋಂಕಿಲ್ಲ. ಸುಣ್ಣ, ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿ, ಮರಳು ಇವನ್ನು ಅರೆದು ಮಾಡಿದ ಗಾರೆಯಲ್ಲಿ ಕಲ್ಲನ್ನು ಕಲ್ಲಿಗೆ ಕಚ್ಚಿಸಿ, ಅಸ್ತಿಭಾರದಿಂದ 162 ಅಡಿ ಎತ್ತರಕ್ಕೆ ಏರಿಸಿದ ಗೋಡೆ ಇದು. ಸುರ್ಕಿ ಗಾರೆಯ ಸ್ವಭಾವವೇನೆಂದರೆ, ಬೇಗ ಬಿಗಿಯುವುದಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತ, ಸಣ್ಣ ಬಿರುಕುಗಳನ್ನು ನೀರಿನ ನೆರವಿನಿಂದ ತಾನೇ ಮುಚ್ಚಿಕೊಳ್ಳುವಷ್ಟು ಮೃದುತ್ವವನ್ನು ಒಳಗೆ ಉಳಿಸಿಕೊಂಡಿರುತ್ತದೆ. ಕಟ್ಟೆಯ ಮೇಲೆ ಹಿಂದೂ ಮತ್ತು ಸಾರಸನಿಕ್ ಶೈಲಿಗಳನ್ನು ಬೆರಸಿ ಕಟ್ಟಿದ ಮಂಟಪಗಳು, ಕೆಳಗೆ ಕಣಿವೆ ಮಾರಮ್ಮನ ಗುಡಿ. ಎಂಜಿನಿಯರುಗಳು ಕಟ್ಟೆಗೆ ಕಾವಲುಗಾರರನ್ನು ನೇಮಿಸಿದರೆ, ಊರವರು ಈ ತಾಯಿಯನ್ನು ನೇಮಿಸಿದ್ದಾರೆ. ನೀರು ಏರಲಿ ಇಳಿಯಲಿ, ಮೊದಲ ಪೂಜೆ ಅಲ್ಲಿಯೇ. ಹಿನ್ನೀರು ಎಲ್ಲಿಂದ ಎಲ್ಲಿಗೆ ಹಬ್ಬಿದೆಯೆಂದು ಕಟ್ಟೆಯ ಮೇಲೆ ನಿಂತು ನೋಡಿದವರು ಅದರಲ್ಲಿ ಭಾರತದ ಭೂಪಟದ ಆಕಾರವನ್ನು ಕಾಣುತ್ತಾರೆ. ಪ್ರವಾಸಿಗಳಿಗೆ ಇದನ್ನು ತೋರಿಸುವ ಸ್ಥಳೀಯರ ಉತ್ಸಾಹಕ್ಕೆ ಅಡ್ಡ ಬರುವುದು ಸೌಜನ್ಯವಲ್ಲವೆಂದು ನಾನೂ ತಲೆಯಾಡಿಸಿದ್ದೇನೆ.

ಈಗ ಆ ಲೆಕ್ಕಕ್ಕೆ ಬರೋಣ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ವಾಣಿವಿಲಾಸಸಾಗರದ ಎಡದಂಡೆ, ಬಲದಂಡೆ ನಾಲೆಗಳ ಅಚ್ಚುಕಟ್ಟು ಎಲ್ಲ ಸೇರಿ ಮೂವತ್ತು ಸಾವಿರ ಎಕರೆಯ ಆಸುಪಾಸು. ತುಂಬಿದ ಸಾಗರದ ನೀರಷ್ಟನ್ನೂ ಒಂದೇ ಬಾರಿಗೆ ಆ ಅಚ್ಚುಕಟ್ಟಿನ ಮೇಲೆ ಹರಡಿ ನಿಲ್ಲಿಸಿದರೆ ಇಪ್ಪತ್ತಮೂರು ಅಡಿ ಎತ್ತರ ನಿಂತೀತು. ಅತ್ಯಂತ ನೀರುಬಾಕ ಬೆಳೆಯಾದ ಬತ್ತಕ್ಕೂ ಒಂದು ಫಸಲಿಗೆ ನಾಲ್ಕು ಅಡಿ ಸಾಕೆನ್ನುವುದು ಸಾಮಾನ್ಯ ಲೆಕ್ಕವಾಗಿರುವಾಗ, ನಾಲೆಯ ಸೋರಿಕೆಯನ್ನೂ ಬಿಸಿಲಿನ ಸುಂಕವನ್ನೂ ಕಳೆದರೂ ಉಳಿಯುವ ನೀರು ಹಲವು ವರ್ಷಗಳದ್ದು ಎಂಬುದು ಸ್ಪಷ್ಟ. ಎಂದರೆ ಇದನ್ನು ವರ್ಷವರ್ಷ ತುಂಬಿ ವರ್ಷವರ್ಷ ಬರಿದಾಗುವ ಕಟ್ಟೆಯೆಂದು ಪರಿಭಾವಿಸಲು ಕಾರಣವೇ ಇಲ್ಲ. ವೇದಾವತಿಯಂಥ ನದಿಗೆ ವರ್ಷದ ಸರಾಸರಿ ಹರಿವನ್ನು ಹಿಡಿಯುವಷ್ಟೇ ಸಣ್ಣ ಕಟ್ಟೆಯನ್ನು ಕಟ್ಟಿದ್ದರೆ, ಅದು ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಹೊಳೆಯನ್ನು ಕೋಡಿಯ ಮೇಲೆ ಆಂಧ್ರಕ್ಕೆ ಕಳುಹಿಸಿ, ಮರುವರ್ಷದ ಬರದಲ್ಲಿ ಬಾಯಿ ಬಿಡುತ್ತಿತ್ತು. ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಗಳಿಗೆ ದಾಟಿಸುವುದೇ ಈ ಕಟ್ಟೆಯ ಕೆಲಸವಾಗಿತ್ತು. ಅದಕ್ಕೆ ಬೇಕಾದಷ್ಟು ದೊಡ್ಡ ಹೊಟ್ಟೆಯನ್ನು ಕಣಿವೆಯೇ ಕೊಟ್ಟಿತ್ತು. 1933ರಲ್ಲಿ ನೀರು 135 ಅಡಿಯನ್ನೂ ಮೀರಿ ಕೋಡಿಯ ಮೇಲೆ ಹರಿಯಿತೆಂದು ದಾಖಲೆಯಿದೆ. ಅದು ಆ ಹೊಟ್ಟೆಯೂ ಸಾಲದೆ ಬಂದ ಒಂದು ವರ್ಷ, ಅಷ್ಟೇ. ಉಳಿದ ವರ್ಷಗಳಲ್ಲಿ ಕೋಡಿ ಬೀಳದೆ ಇದ್ದುದು, ನದಿ ಕೊಟ್ಟದ್ದರಲ್ಲಿ ಒಂದು ಹನಿಯೂ ಮುಂದಕ್ಕೆ ವ್ಯರ್ಥವಾಗಿ ಹೋಗಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲವೇ?

ಹಾಗೆಂದು ಆ ಎಂಬತ್ತೊಂಬತ್ತು ವರ್ಷಗಳೆಲ್ಲ ಸುಖವಾಗಿಯೇ ಕಳೆದವೆಂದಲ್ಲ. ಮಟ್ಟವು ನೂರಿಪ್ಪತ್ತು ಅಡಿಯನ್ನು ಮೀರಿದ ವರ್ಷಗಳೂ ಬಂದವು. ಆಗ ನಾಲೆಯ ಬಯಲಿನಲ್ಲಿ ಬತ್ತ, ಕಬ್ಬು ಬೆಳೆದವು. ಕಬ್ಬನ್ನು ನಂಬಿ ಹಿರಿಯೂರಿನಲ್ಲಿ ವಾಣಿವಿಲಾಸದ ಹೆಸರನ್ನೇ ಹೊತ್ತ ಸಹಕಾರಿ ಸಕ್ಕರೆ ಕಾರ್ಖಾನೆಯೂ ಎದ್ದಿತು. ಆಮೇಲೆ ಮೇಲ್ಗಡೆ ಕಡೂರು, ಹೊಸದುರ್ಗದ ಸೀಮೆಯಲ್ಲಿ ಕೆರೆಗಳ ಹಿಂದೆ ಚೆಕ್ ಡ್ಯಾಮುಗಳು, ಚೆಕ್ ಡ್ಯಾಮುಗಳ ಹಿಂದೆ ಬೋರ್‌ವೆಲ್ಲುಗಳು ಬಂದು, ಹಿಂದೆ ಹಳ್ಳಗಳಲ್ಲಿ ಹರಿದು ಬರುತ್ತಿದ್ದ ನೀರು ಮೊದಲು ನೆಲದ ಬಾಯಾರಿಕೆಗೆ ಲೆಕ್ಕ ಒಪ್ಪಿಸಿ ಮುಂದೆ ಬರುವ ಕಾಲ ಬಂದಿತು. ಯಾರದೂ ತಪ್ಪೆನ್ನುವಂತಿಲ್ಲ, ಕಡೂರಿನ ರೈತನ ಹೊಲಕ್ಕೂ ಮಳೆ ಅಷ್ಟೇ ಅಪರೂಪ. ಕಾರ್ಖಾನೆ ಮುಚ್ಚಿತು. ಬತ್ತ ಕಬ್ಬುಗಳಿದ್ದ ಕಡೆ ತೆಂಗು ಅಡಕೆಗಳು ಬಂದವು. ಇದು ಜಾಣತನವೆಂದು ಆಗ ತೋರಿದ್ದೀತು, ಏಕೆಂದರೆ ಒಂದು ಎಕರೆ ತೋಟಕ್ಕೆ ಗದ್ದೆಯಷ್ಟು ನೀರು ಬೇಡ. ಆದರೆ ಗದ್ದೆಗೂ ತೋಟಕ್ಕೂ ಇರುವ ಒಂದು ವ್ಯತ್ಯಾಸವನ್ನು ಬರಗಾಲ ಕಲಿಸಿತು: ನೀರಿಲ್ಲದ ವರ್ಷ ಗದ್ದೆಯನ್ನು ಬೀಳು ಬಿಡಬಹುದು, ಮೂವತ್ತು ವರ್ಷದ ತೆಂಗನ್ನು ಬೀಳು ಬಿಡಲಾಗುವುದಿಲ್ಲ. ಹೋದ ದಶಕದ ಬರಗಾಲದಲ್ಲಿ ಸಾಗರದ ಮಟ್ಟ ಅರವತ್ತು ಅಡಿಯ ಆಸುಪಾಸಿಗೆ, ತೂಬಿನಿಂದ ಹರಿಸಲಾಗದ ಡೆಡ್ ಸ್ಟೋರೇಜಿನ ಅಂಚಿಗೆ ಇಳಿದಾಗ, ಅಚ್ಚುಕಟ್ಟಿನ ರೈತರು ಟ್ಯಾಂಕರುಗಳಲ್ಲಿ ನೀರು ತಂದು ಮರಕ್ಕೊಂದು ಕೊಡದಂತೆ ಹನಿಸಿದರು. ಆಗಲೂ ಉಳಿಯದ ತೋಟಗಳು ಸುಳಿ ಬಾಗಿ, ಕಂಬಗಳಾಗಿ ನಿಂತವು. ಸಾವಿರ ಅಡಿಗೂ ಮೀರಿ ಕೊರೆದ ಬೋರ್‌ವೆಲ್ಲುಗಳಲ್ಲಿ ಧೂಳು ಬಂದದ್ದನ್ನು ಆ ಸೀಮೆಯವರು ಇನ್ನೂ ಮರೆತಿಲ್ಲ.

ತೋಟದ ಕಥೆ ಹೀಗಾದರೆ ಗಂಟಲಿನ ಕಥೆ ಇನ್ನೊಂದು. ಚಿತ್ರದುರ್ಗ ಜಿಲ್ಲೆಯ ಶಿಲಾಸ್ತರದ ಗುಣದಿಂದ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಮಿತಿಮೀರಿದೆ. ಆಳಕ್ಕೆ ಹೋದಷ್ಟೂ ವಿಷವೂ ಹೆಚ್ಚುವುದುಂಟು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ನಡುವಯಸ್ಸಿಗೇ ಬಾಗಿದ ಬೆನ್ನು, ಮಡಿಸಲಾಗದ ಮಂಡಿ ಇವು ಈ ನೀರಿನ ಗುರುತುಗಳು. ಇಂಥ ಸೀಮೆಯಲ್ಲಿ ಮಳೆಯ ನೀರನ್ನು ಬಯಲಲ್ಲಿ ಹಿಡಿದಿಟ್ಟ ಸಾಗರವೊಂದಿರುವುದು ಕೇವಲ ಅನುಕೂಲವಲ್ಲ, ಔಷಧ. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆ ಪಟ್ಟಣಗಳಿಗೂ, ಚಳ್ಳಕೆರೆಯ ಕುದಾಪುರದ ಬಳಿ ಎದ್ದಿರುವ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಕೊಳವೆಗಳಲ್ಲಿ ಹೋಗುವುದು ಈ ನೀರೇ. ಕುಡಿಯುವ ನೀರಿಗೆ ಮೊದಲ ಪ್ರಾಶಸ್ತ್ಯವೆಂಬ ಸೂತ್ರವನ್ನು ಯಾರೂ ವಿರೋಧಿಸುವುದಿಲ್ಲ. ಆದರೆ ಸಾಗರ ಅರವತ್ತೈದು ಅಡಿಯಲ್ಲಿರುವಾಗ, ತೂಬನ್ನು ಎತ್ತಿ ಎಂದು ಬರುವ ತೋಟದವನಿಗೂ, ಉಳಿದದ್ದು ಪಟ್ಟಣಗಳ ಕುಡಿಯುವ ನೀರು ಎನ್ನುವ ಅಧಿಕಾರಿಗೂ ನಡುವೆ ಆ ಸೂತ್ರವೊಂದೇ ನಿಂತಿರುತ್ತದೆ. ತೋಟದವನ ಮನೆಯ ನಲ್ಲಿಯಲ್ಲೂ ಬರುವುದು ಅದೇ ನೀರಾದ್ದರಿಂದ ಅವನು ಜಗಳವನ್ನು ತನ್ನೊಡನೆ ತಾನೇ ಆಡಿಕೊಳ್ಳಬೇಕಾಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಭದ್ರಾ ಮೇಲ್ದಂಡೆ ಯೋಜನೆ. ತುಂಗೆಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ಹಾಕುವುದು, ಅಲ್ಲಿಂದ ಭದ್ರೆಯ ಸ್ವಂತದ 12.5 ಟಿಎಂಸಿಯನ್ನೂ ಸೇರಿಸಿ 29.9 ಟಿಎಂಸಿಯನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಗುಡ್ಡದೊಳಗೆ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹರಿಸಿ, ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಬಯಲಿಗೆ ಹಂಚುವುದು ಇದರ ರೂಪ. 2023–24ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವು ಘೋಷಿತವಾದುದೂ, ಆ ಹಣದ ಹಾದಿಯನ್ನು ಕಾಯುವುದೇ ಮುಂದೆ ಒಂದು ರಾಜಕೀಯವಾದುದೂ ಎಲ್ಲರಿಗೂ ತಿಳಿದದ್ದೇ. ಯೋಜನೆಯ ಕಾಲುವೆಗಳೆಲ್ಲ ಮುಗಿಯುವ ಮೊದಲೇ, 2019ರಲ್ಲಿ, ಸುರಂಗದಿಂದ ಹೊರಬಂದ ನೀರನ್ನು ಒಂದು ಹಳ್ಳಕ್ಕೆ ಬಿಟ್ಟು, ಹಳ್ಳದಿಂದ ವೇದಾವತಿಗೆ, ವೇದಾವತಿಯಿಂದ ವಾಣಿವಿಲಾಸಸಾಗರಕ್ಕೆ ತಲಪಿಸಿದರು. ಸಾಗರಕ್ಕೆ ಗೊತ್ತುಮಾಡಿದ ಪಾಲು 2 ಟಿಎಂಸಿ. ಬಾಬಾಬುಡನ್ ಗಿರಿಯ ಇನ್ನೊಂದು ಮಗ್ಗುಲ ನೀರನ್ನು ಬೆಟ್ಟ ಕೊರೆದು ಈ ಮಗ್ಗುಲಿಗೆ ತಂದ ಹಾಗಾಯಿತು. ಭದ್ರೆಯು ತನ್ನ ದಾರಿಯಲ್ಲಿ ಹೋಗಿದ್ದರೂ ತುಂಗಭದ್ರೆಯನ್ನೇ ಸೇರುತ್ತಿತ್ತು. ವೇದಾವತಿಯಾಗಿ ಹಿರಿಯೂರು, ಬಳ್ಳಾರಿಗಳನ್ನು ಸುತ್ತಿ ಬಂದರೂ ಸೇರುವುದು ಅಲ್ಲಿಗೇ. ಆದ್ದರಿಂದ ನದೀಪಾತ್ರಗಳ ಧರ್ಮಶಾಸ್ತ್ರದಲ್ಲಿ ಇದನ್ನು ಜಾತ್ಯಂತರವೆಂದು ಆಕ್ಷೇಪಿಸುವಂತಿಲ್ಲ. ಆಕ್ಷೇಪವೇನಾದರೂ ಇದ್ದರೆ ಅದು ಭದ್ರೆಯ ಅಚ್ಚುಕಟ್ಟಿನವರದು, ಮತ್ತು ಅವರು ಅದನ್ನು ಸುಮ್ಮನೆ ನುಂಗಿಕೊಂಡೂ ಇಲ್ಲ.

2022ರ ಕೋಡಿಯನ್ನು ಈ ಎರವಿನ ನೀರಿನ ಫಲವೆಂದು ಹೊಗಳಿದವರೂ ಇದ್ದರು. ಭದ್ರೆಯ ನೀರು ಮೂರು ವರ್ಷ ತಳವನ್ನು ಒದ್ದೆಯಾಗಿಟ್ಟು ಮೆಟ್ಟಿಲು ಹಾಕಿಕೊಟ್ಟದ್ದು ನಿಜ. ಮೆಟ್ಟಿಲ ಮೇಲೆ ಏರಿ ಬಂದದ್ದು ಆ ವರ್ಷದ ಅಸಾಧಾರಣ ಮಳೆ. ಆಗ ನಾಡಿನ ಮೂಲೆಮೂಲೆಗಳಿಂದ ಜನ ಬಂದು ಕೋಡಿಯನ್ನು ನೋಡಿದರು, ಬಾಗಿನಗಳು ಸಂದವು. 2025ರ ಜನವರಿಯಲ್ಲಿ ಮೂರನೆಯ ಬಾರಿ ಕೋಡಿ ಬಿದ್ದಾಗ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸಿದರು. ನೋಡುವವರಿಗೆ ಇದೊಂದು ಮಹೋತ್ಸವ. ಆದರೆ ಇನ್ನೊಂದು ಸಣ್ಣ ಗುಣಾಕಾರವನ್ನು ಮಾಡದೆ ಇರಲಾರೆ. ಸಾಗರ ತುಂಬಿದಾಗ ನೀರಿನ ಹರಹು ಮೂವತ್ತು ಚದರ ಮೈಲಿಯ ಆಸುಪಾಸು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನೆಡುವಷ್ಟು ಗಾಳಿಯೂ, ವರ್ಷದ ಬಹುಭಾಗ ಬಿಸಿಲೂ ಇರುವ ಈ ಸೀಮೆಯಲ್ಲಿ ನಿಂತ ನೀರಿನಿಂದ ವರ್ಷಕ್ಕೆ ಐದು ಅಡಿ ಆವಿಯಾಗಿ ಹೋಗುತ್ತದೆಂದು ಹಿಡಿದರೆ ಅತಿಶಯವಾಗದು. ಹಾಗೆ ಹಿಡಿದರೆ ಆಕಾಶದ ಪಾಲು ಸುಮಾರು ನಾಲ್ಕು ಟಿಎಂಸಿ; ಎಂದರೆ ಬೆಟ್ಟ ಕೊರೆದು, ವಿದ್ಯುತ್ ಸುಟ್ಟು, ಅಕ್ಕಪಕ್ಕದವರ ಮನಸ್ಸನ್ನು ನೋಯಿಸಿ ಭದ್ರೆಯಿಂದ ತರುವ ಪಾಲಿನ ಎರಡರಷ್ಟು. ಸಾಗರವನ್ನು ಸದಾ ತುಂಬಿಯೇ ಇಡಬೇಕೆಂಬ ಹೊಸ ಹಂಬಲಕ್ಕೆ ಸಲ್ಲುವ ಕಂದಾಯ ಇದು. ಹಳಬರು ನೀರನ್ನು ವರ್ಷದಿಂದ ವರ್ಷಕ್ಕೆ ದಾಟಿಸುವಾಗಲೂ ಈ ಕಂದಾಯವನ್ನು ಕೊಡುತ್ತಲೇ ಇದ್ದರು, ನಿಜ; ಆದರೆ ಅವರು ಕೊಟ್ಟದ್ದು ಮಳೆಯ ಲಾಭದಿಂದ, ಸಾಲದ ಅಸಲಿನಿಂದಲ್ಲ. ಎರಡು ತುಂಬಿದ ವರ್ಷಗಳನ್ನು ನಂಬಿ ಅಚ್ಚುಕಟ್ಟಿನ ಆಚೆಗೂ ಹೊಸ ಅಡಕೆ ಸಸಿಗಳನ್ನು ನೆಡುವವರು ಈ ಲೆಕ್ಕವನ್ನು ಯಾರಾದರೂ ಹೇಳಿಕೊಡಲೆಂದು ಕಾಯುತ್ತಿಲ್ಲ.

ತುಂಬಿದ ಸಾಗರ ಇನ್ನೊಂದು ಪ್ರಶ್ನೆಯನ್ನೂ ಎಬ್ಬಿಸಿತು. ಅದರ ಉತ್ತರ ಹಿರಿಯೂರಿನಲ್ಲಿಲ್ಲ, ಹಿನ್ನೀರಿನ ತುದಿಯ ಹೊಸದುರ್ಗ ತಾಲ್ಲೂಕಿನಲ್ಲಿದೆ. ಎಂಬತ್ತೊಂಬತ್ತು ವರ್ಷ ನೀರು ಬಾರದ ದಂಡೆಯಲ್ಲಿ ಮೂರು ತಲೆಮಾರು ಉತ್ತು ಬಿತ್ತಿ, ತೋಟ ಮಾಡಿ, ದಾರಿ ಹಾಕಿ, ಮನೆ ಕಟ್ಟಿಕೊಂಡವರ ಪಾಲಿಗೆ 130 ಅಡಿ ಎಂಬುದು ಬರಿಯ ಸಂಖ್ಯೆಯಾಗಿ ಉಳಿಯಲಿಲ್ಲ. ತೆಂಗಿನ ಬುಡಗಳು ತಿಂಗಳುಗಟ್ಟಲೆ ನೀರಿನಲ್ಲಿ ನಿಂತವು, ಹಳ್ಳಿಗಳ ದಾರಿಗಳು ಮುಳುಗಿದವು. ಮಟ್ಟವನ್ನು ತಗ್ಗಿಸಿ ಎಂಬುದು ಅಲ್ಲಿನವರ ಬೇಡಿಕೆ. ಒಂದು ಅಂಗುಲವನ್ನೂ ತಗ್ಗಿಸಕೂಡದು ಎಂಬುದು ಹಿರಿಯೂರಿನವರದು. ಮುಂದಿನ ಕಾಲದ ಅಣೆಕಟ್ಟುಗಳಲ್ಲಾದರೆ ಕ್ರೆಸ್ಟ್ ಗೇಟುಗಳನ್ನು ಎತ್ತಿ ಇಳಿಸಿ ಇಬ್ಬರನ್ನೂ ಅಷ್ಟಿಷ್ಟು ಸಮಾಧಾನಪಡಿಸಬಹುದು. 1907ರ ಈ ಕಟ್ಟೆಯ ಕೋಡಿಗೆ ಗೇಟುಗಳಿಲ್ಲ. ನೀರು 130 ಅಡಿಗೆ ಬಂದರೆ ತಾನಾಗಿ ಹರಿಯುತ್ತದೆ, ಅದಕ್ಕಿಂತ ಕೆಳಗೆ ತೂಬುಗಳ ಮೂಲಕ ನಾಲೆಗೂ ನದಿಗೂ ಬಿಡುವಷ್ಟನ್ನು ಮಾತ್ರ ಬಿಡಬಹುದು. ಕೋಡಿಯ ಕಲ್ಲನ್ನು ಒಡೆದು ತಗ್ಗಿಸುವ ಮಾತನ್ನು ಆಡಿದವರಿಗೆ ಒಪ್ಪಿಗೆ ದೊರೆತಿಲ್ಲ. ಮುಳುಗಡೆಯ ನೆಲಕ್ಕೆ ಆ ಕಾಲದಲ್ಲಿಯೇ ಪರಿಹಾರ ಸಂದಿದೆಯೇ, ಸಂದಿದ್ದರೆ ಯಾವ ಸರ್ವೆ ನಂಬರಿನವರೆಗೆ ಎಂದು ಎರಡು ತಾಲ್ಲೂಕುಗಳವರೂ ಸಂಸ್ಥಾನದ ಕಾಲದ ಕಾಗದಗಳನ್ನು ಹುಡುಕಿಸತೊಡಗಿದ್ದಾರೆ.